ಕೋಟು ನೀರಿಗೆ ಹಾಕುವ ಮುಂಚೆ

ಸೆಪ್ಟೆಂಬರ್ 8, ಸೋಮವಾರ

ಗುಬ್ಬಿಗೆ,

ಇವತ್ತು ಸೋಮವಾರ, ಉಪವಾಸ. ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲ ಮುಂದೆ ಗುಡಿಸಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ, ನಿಮ್ಮಪ್ಪನಿಗೆ ಎರಡು ಹೊತ್ತಿನ ಅಡುಗೆ ಮಾಡಿಟ್ಟು ಕೆಲಸಕ್ಕೆ ಬಂದೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇವತ್ತು ಹರಿದ ಹಾಸಿಗೆ ಬಟ್ಟೆ ನಲವತ್ತೊಂದು, ಲಾಡಿ ಕಿತ್ತುಹೋದ ಆಪರೇಷನ್ ಗೌನು ಹನ್ನೆರಡು. ಹನ್ನೆರಡಕ್ಕೂ ಲಾಡಿ ಹಾಕಿ ಮುಗಿಸಿ, ಈಗ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಊಟ ಇಲ್ಲದವಳಿಗೆ ಬಿಡುವು ಪೂರ್ತಿ ಸಿಗುತ್ತದೆ.

ಈ ಉಪವಾಸ ನಿಮ್ಮಿಬ್ಬರಿಗಾಗಿ ಹಿಡಿದದ್ದು. ನಿನಗೂ ಅಳಿಯಂದಿರಿಗೂ ಒಂದೇ ಊರಲ್ಲಿ ಮುಂದಿನ ಡಾಕ್ಟರ್ ತರಬೇತಿಗೆ ಜಾಗ ಸಿಗುವವರೆಗೆ ಸೋಮವಾರ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಸುಳ್ಳನ್ನೂ ಆಡುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೇನೆ. ನಮ್ಮಮ್ಮ ಹಾಗೇ ಮಾಡುತ್ತಿದ್ದಳು. ಸುಳ್ಳು ಹೇಳಿಕೊಂಡು ಮಾಡಿದರೆ ಅದು ಉಪವಾಸವಲ್ಲ, ಬರೀ ಹಸಿವು ಎನ್ನುತ್ತಿದ್ದಳು. ನಮ್ಮ ಇಸ್ತ್ರಿಯವಳು ಇವತ್ತು ಕೂದಲು ಗಿಡ್ಡ ಕತ್ತರಿಸಿಕೊಂಡು ಬಂದು, "ಹೇಗೆ ಕಾಣ್ತೀನಿ ಅಕ್ಕ?" ಅಂದಳು. "ಮುಂಚೆ ಇದ್ದದ್ದೇ ಚೆನ್ನಾಗಿತ್ತು ಕಣೇ" ಅಂದೆ. "ಸೋಮವಾರ ನಿನ್ನ ಹತ್ರ ಬಾಯಿ ಬಿಡಬಾರದು. ನಾಳೆ ಮತ್ತೆ ಕೇಳ್ತೀನಿ" ಎಂದು ಮುಖ ತಿರುಗಿಸಿಕೊಂಡು ಹೋದಳು.

ನಿನ್ನ ಹೋದ ಕಾಗದ ಹನ್ನೊಂದು ದಿನ ತಡವಾಗಿ ಬಂತು. ಬರೆದು ಕೋಟಿನ ಜೇಬಿನಲ್ಲಿಟ್ಟು ಮರೆತೆ ಎಂದು ಹಿಂದುಗಡೆ ಬರೆದಿದ್ದೀಯ. ಅಲ್ಲ ಕಣೇ, ಇಲ್ಲಿ ನಾನು ಡಾಕ್ಟರ ಕೋಟುಗಳಿಂದ ದಿನಾ ಪೆನ್ನು, ಚೀಟಿ, ಬೀಗದ ಕೈ ತೆಗೆದು ತೆಗೆದು ಸಾಕಾಗಿದ್ದೇನೆ. ಒಮ್ಮೆ ಯಾರದೋ ಕಟ್ಟಿಸಿದ ಹಲ್ಲೇ ಸಿಕ್ಕಿತ್ತು. ಇಪ್ಪತ್ತಾರು ವರ್ಷದಲ್ಲಿ ಜೇಬಿಗೆ ಕೈ ಹಾಕದೆ ಒಂದು ಕೋಟನ್ನೂ ನೀರಿಗೆ ಬಿಟ್ಟವಳಲ್ಲ ನಾನು. ನನ್ನ ಹೊಟ್ಟೆಯಲ್ಲಿ ನೀನು ಹುಟ್ಟಿದೆ. ಫೋನ್ ಮಾಡು ಅನ್ನುತ್ತೀಯ. ಫೋನಿನಲ್ಲಿ "ಹೂಂ, ಹೇಳಮ್ಮ" ಅನ್ನುವಷ್ಟರಲ್ಲಿ ನಿನ್ನ ಹಿಂದೆ ಯಾರೋ ಕರೆದಿರುತ್ತಾರೆ. ಕಾಗದವೇ ವಾಸಿ.

ನೀನು ಬರೆದಿದ್ದ ಆ ಪಟ್ಟಿ ಏನು, ಇಬ್ಬರೂ ಸೇರಿ ಅರ್ಜಿ ಹಾಕುವುದೆಂದರೆ ಏನು, ನನಗೆ ತಿಳಿಯುವ ಹಾಗೆ ಬರೆ.

ಅಮ್ಮ

*

ಸೆಪ್ಟೆಂಬರ್ 21, ಭಾನುವಾರ

ಅಮ್ಮಾ,

ನಿನ್ನ ಕೋಣೆಯ ಭಾಷೆಯಲ್ಲೇ ಹೇಳುತ್ತೇನೆ. ಆಪರೇಷನ್ ಗೌನು, ಪೈಜಾಮ ಎರಡನ್ನೂ ಸೇರಿಸಿ ಒಂದು ಗಂಟು ಕಟ್ಟುತ್ತೀಯಲ್ಲ, ಒಂದು ಇಲ್ಲದಿದ್ದರೆ ಗಂಟೇ ಕಪಾಟಿಗೆ ವಾಪಸ್. ನಮ್ಮದೂ ಅಷ್ಟೇ. ನನಗೆ ಸರ್ಜರಿ ಬೇಕು, ಅವನಿಗೆ ಮನೋರೋಗ ವಿಭಾಗ. ಗಂಡ ಹೆಂಡತಿ ಜೋಡಿಯಾಗಿ ಅರ್ಜಿ ಹಾಕಿದರೆ ಒಂದೊಂದು ಸಾಲಿನಲ್ಲೂ ಎರಡು ಜಾಗ ಬರೆಯಬೇಕು, ನನ್ನದೊಂದು, ಅವನದೊಂದು. ಆಸ್ಪತ್ರೆಯವರೂ ಸಂದರ್ಶನ ಮಾಡಿ ತಮಗೆ ಬೇಕಾದವರ ಪಟ್ಟಿ ಕೊಡುತ್ತಾರೆ. ಕಂಪ್ಯೂಟರು ನಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಇಬ್ಬರಿಗೂ ಸಿಗುವ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ತಪ್ಪಿದರೆ ಆ ಸಾಲೇ ಹೋದಂತೆ. ಫೆಬ್ರವರಿ ಕೊನೆಗೆ ಪಟ್ಟಿ ಮುಚ್ಚುತ್ತಾರೆ, ಮಾರ್ಚ್ 20ಕ್ಕೆ ಫಲಿತಾಂಶ, ಜುಲೈನಲ್ಲಿ ಕೆಲಸ.

ಮೊದಲ ಸಾಲು ನಮ್ಮೂರೇ. ನಿನ್ನ ಆಸ್ಪತ್ರೆಯಲ್ಲಿ ಸರ್ಜರಿಗೆ ಎರಡು ಜಾಗ, ಸೇತುವೆ ಆಚೆಯ ಮಾನಸಿಕ ಆಸ್ಪತ್ರೆಯಲ್ಲಿ ಅವನಿಗೆ ನಾಲ್ಕು. ನಿಮ್ಮ ದೊಡ್ಡ ಡಾಕ್ಟರೇ ಆರಿಸುವವರು. ಬಟ್ಟೆ ರಾಶಿಯ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದ ನನ್ನನ್ನು ಅವರು ಮರೆತಿರಲಾರರು. ಆದರೂ ನೀನಾಗಿ ನನ್ನ ಮಾತು ಎತ್ತಬೇಡ. ಶಿಫಾರಸು ಅನ್ನಿಸುತ್ತದೆ.

ಉಪವಾಸ ಬೇಡವೆಂದರೆ ಕೇಳುವವಳಲ್ಲ ನೀನು. ನೀರಾದರೂ ಸರಿಯಾಗಿ ಕುಡಿ.

ಗುಬ್ಬಿ

*

ಅಕ್ಟೋಬರ್ 6, ಸೋಮವಾರ

ಗುಬ್ಬಿಗೆ,

ಗಂಟಿನ ಮಾತು ಚೆನ್ನಾಗಿ ತಿಳಿಯಿತು. ನಿಮ್ಮಪ್ಪನಿಗೂ ಓದಿ ಹೇಳಿದೆ. "ಅವರಿಬ್ಬರಲ್ಲಿ ಪೈಜಾಮ ಯಾರು ಅಂತ ಕೇಳು" ಅಂದರು. ನೀನು ಗಂಡನನ್ನು ಅವನು ಇವನು ಎಂದು ಬರೆಯುವುದು ನೋಡಿಯೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ದೊಡ್ಡ ಡಾಕ್ಟರ ಹತ್ತಿರ ನಿನ್ನ ಮಾತು ಎತ್ತುವುದಿಲ್ಲ, ಮಾತು ಕೊಟ್ಟೆ. ಇವತ್ತು ಸೋಮವಾರ, ಕೊಟ್ಟ ಮಾತು ಗಟ್ಟಿ. ಒಳ್ಳೆಯ ಮನುಷ್ಯ ಅವರು. ಕೆಳಗೆ ಬಟ್ಟೆ ಕೋಣೆಗೆ ತಾವೇ ಇಳಿದು ಬರುವ ಡಾಕ್ಟರು ಅವರೊಬ್ಬರೇ. ಅವರ ಕೈ ಉದ್ದ, ಗೌನಿನ ತೋಳಿಗೆ ನಾಲ್ಕು ಬೆರಳು ಹೆಚ್ಚು ಬಟ್ಟೆ ಬಿಡಬೇಕು. ಅದು ನನಗೊಬ್ಬಳಿಗೇ ಗೊತ್ತು.

ಅಮ್ಮ

*

ನವೆಂಬರ್ 12, ಬುಧವಾರ

ಅಮ್ಮಾ,

ಇದನ್ನು ಅಪ್ಪನಿಗೆ ಓದಿ ಹೇಳಬೇಡ. ಯಾರಿಗೂ ಬೇಡ.

ನನಗೆ ಎರಡು ತಿಂಗಳಾಗಿದೆ. ಹೆರಿಗೆ ಜೂನ್ ಮಧ್ಯಕ್ಕೆ. ನಾವು ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೆ ಆಗಿದೆ, ಮತ್ತು ನನಗೆ ಬೇಕು. ಅವನಂತೂ ಪುಸ್ತಕ ಹಿಡಿದು ಕೂತಲ್ಲೇ ನಗುತ್ತಿರುತ್ತಾನೆ.

ಸಂದರ್ಶನಗಳು ಈ ತಿಂಗಳ ಕೊನೆಯಿಂದ. ಕಂಪ್ಯೂಟರಿನ ಪರದೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಅದೊಂದು ಪುಣ್ಯ. ಸರ್ಜರಿಯವರು ಇಂಥದ್ದನ್ನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಆದರೆ ಗೊತ್ತಾದರೆ ಕೇಳದೆಯೇ ನನ್ನ ಹೆಸರು ಕೆಳಗೆ ಹೋಗುತ್ತದೆ. ಹಿಂದಿನ ವರ್ಷ ನನಗಿಂತ ಚೆನ್ನಾಗಿ ಹೊಲಿಗೆ ಹಾಕುತ್ತಿದ್ದ ಸೀನಿಯರ್ ಒಬ್ಬಳಿಗೆ ಹೀಗೇ ಆಯಿತು. ಆದ್ದರಿಂದ ಫೆಬ್ರವರಿಯವರೆಗೆ ಇದು ನಮ್ಮ ಮೂವರಲ್ಲೇ ಇರಲಿ.

ಜುಲೈಗೆ ಕೆಲಸ ಶುರುವಾದಾಗ ಮಗುವಿಗೆ ಇನ್ನೂ ತಿಂಗಳೂ ತುಂಬಿರುವುದಿಲ್ಲ. ನಮ್ಮೂರಲ್ಲಿ ಸಿಕ್ಕರೆ ಬೆಳಿಗ್ಗೆ ನಿನ್ನ ಕೈಗೆ ಕೊಟ್ಟು ಮೇಲಿನ ಮಹಡಿಗೆ ಹೋಗುತ್ತೇನೆ. ಬೇರೆ ಊರಾದರೆ ಹೇಗೆ ಅನ್ನುವುದು ನನಗೆ ಯೋಚನೆ ಮಾಡಲೂ ಬರುತ್ತಿಲ್ಲ.

ಗುಬ್ಬಿ

*

ನವೆಂಬರ್ 17, ಸೋಮವಾರ

ನನ್ನ ಕಂದಾ,

ಕಾಗದ ಓದಿ ಬಟ್ಟೆ ರಾಶಿಯ ಹಿಂದೆ ಹೋಗಿ ಕೂತುಬಿಟ್ಟೆ. ಇಸ್ತ್ರಿಯವಳು ತಲೆ ಸುತ್ತಿತೇನೋ ಎಂದು ನೀರು ತಂದಳು.

ಕಾಗದ ಶನಿವಾರ ಬಂದದ್ದು ದೇವರ ದಯೆ. ನಿಮ್ಮಪ್ಪ ಏನು ಬರೆದಿದ್ದಾಳೆ ಎಂದರು. ನೆಗಡಿ ಅಂತೆ ಎಂದೆ. ಇವತ್ತು ಬಂದಿದ್ದರೆ ಏನು ಮಾಡುತ್ತಿದ್ದೆನೋ. ಸೂಜಿ ಡಬ್ಬಿಯ ತಳದಲ್ಲಿ ಮಡಿಸಿ ಇಟ್ಟಿದ್ದೇನೆ, ಆ ಡಬ್ಬಿಗೆ ಕೈ ಹಾಕಲು ಅವರಿಗೆ ಧೈರ್ಯವಿಲ್ಲ.

ಮಗುವಿನ ಚಿಂತೆ ನಿನಗೆ ಬೇಡ. ಜೂನ್‌ನಿಂದ ಅರ್ಧ ದಿನದ ಪಾಳಿ ಕೇಳುತ್ತೇನೆ. ಕಿಟಕಿ ಪಕ್ಕದ ಮೂಲೆಯಲ್ಲಿ ನೀನು ಮಲಗುತ್ತಿದ್ದ ಬುಟ್ಟಿ ಇನ್ನೂ ಇದೆ, ಈಗ ಅದರಲ್ಲಿ ಹರಕು ಬಟ್ಟೆ ತುಂಬಿದ್ದೇವೆ. ನಿನಗೆ ಹೇಳದೆ ಒಂದು ಕೆಲಸವನ್ನೂ ಮಾಡಿದ್ದೇನೆ. ಹೊಸ ಹಸಿರು ಬಟ್ಟೆಯಲ್ಲಿ ನಿನ್ನ ಅಳತೆಗೆ ಒಂದು ಗೌನು ಹೊಲಿದಿಟ್ಟಿದ್ದೇನೆ. ನಿನ್ನದು ಸಣ್ಣ ಹೆಗಲು, ಇಲ್ಲಿರುವ ಯಾವುದೂ ನಿನಗೆ ನಿಲ್ಲುವುದಿಲ್ಲ. ಲಾಡಿ ಎರಡು ಸುತ್ತು ಬರುವಷ್ಟು ಉದ್ದ ಬಿಟ್ಟಿದ್ದೇನೆ.

ಅಮ್ಮ

*

ಡಿಸೆಂಬರ್ 9, ಮಂಗಳವಾರ

ಗುಬ್ಬಿಗೆ,

ಸಂದರ್ಶನ ಚೆನ್ನಾಗಿ ಆಯಿತೆಂದು ಫೋನಿನಲ್ಲಿ ಹೇಳಿದೆ, ಸಂತೋಷ. ದೊಡ್ಡ ಡಾಕ್ಟರು ನಿನ್ನೆ ಕೆಳಗೆ ಬಂದಿದ್ದರು. ಹೊಸ ಗೌನಿನ ತೋಳು ಮತ್ತೆ ಗಿಡ್ಡ ಆಗಿದೆಯಂತೆ. ಅಳತೆ ತೆಗೆದುಕೊಂಡೆ.

ನಾನು ಯೋಚಿಸಿದೆ. ನಮ್ಮೂರನ್ನು ಪಟ್ಟಿಯಲ್ಲಿ ಮೊದಲು ಬರೆಯಬೇಡ. ನಿನಗೆ ಇನ್ನೂ ದೊಡ್ಡ ಊರುಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಇಲ್ಲಿ ಕಟ್ಟಡ ಹಳೆಯದು, ನೀರೂ ಸರಿಯಾಗಿ ಬರುವುದಿಲ್ಲ. ಬೇರೆ ಊರಿನ ಸಾಲುಗಳನ್ನು ಮೇಲೆ ಹಾಕು. ಎಷ್ಟು ಸಾಧ್ಯವೋ ಅಷ್ಟು ಊರು ಬರೆ.

ಔಷಧಿ ತಪ್ಪಿಸಬೇಡ.

ಅಮ್ಮ

*

ಡಿಸೆಂಬರ್ 20, ಶನಿವಾರ

ಅಮ್ಮಾ,

ನಿನ್ನ ಕಾಗದ ಮೂರು ಸಲ ಓದಿದೆ. ಯಾವಾಗಲೂ ಸೋಮವಾರ ಬರೆಯುವವಳು ಮಂಗಳವಾರ ಬರೆದಿದ್ದೀಯ. ಬುಟ್ಟಿ ಎಲ್ಲಿ ಹೋಯಿತು? ಅರ್ಧ ದಿನದ ಪಾಳಿ ಎಲ್ಲಿ ಹೋಯಿತು? ಮೂರು ವಾರದಲ್ಲಿ ನಮ್ಮೂರಿನ ನೀರು ಕೆಟ್ಟುಹೋಯಿತೇ?

ಮಗು ನೋಡಿಕೊಳ್ಳುವುದು ಭಾರ ಅನ್ನಿಸಿದ್ದರೆ ನೇರವಾಗಿ ಹೇಳು. ನಿನಗೆ ಐವತ್ತಾಯಿತು, ದಿನವಿಡೀ ನಿಂತೇ ಕೆಲಸ, ನಾನು ಕೇಳಿದ್ದೇ ತಪ್ಪಿರಬಹುದು. ಸುತ್ತಿ ಬಳಸಿ ದೊಡ್ಡ ಊರು, ದೊಡ್ಡ ಆಸ್ಪತ್ರೆ ಅನ್ನಬೇಡ. ಹಾಗೆ ಮಾತಾಡುವವಳಲ್ಲ ನೀನು.

ಗುಬ್ಬಿ

*

ಜನವರಿ 6, ಮಂಗಳವಾರ

ಗುಬ್ಬಿಗೆ,

ನೀನು ಹೇಳಿದ್ದು ನಿಜ. ಮಂಡಿ ನೋವು ಜಾಸ್ತಿಯಾಗಿದೆ. ಎಳೆ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದಕ್ಕೆ ಭಯ. ಹೇಳಲು ನಾಚಿಕೆಯಾಗಿ ಹಾಗೆ ಬರೆದೆ. ಬೇಜಾರು ಮಾಡಿಕೊಳ್ಳಬೇಡ.

ಅಮ್ಮ

*

ಫೆಬ್ರವರಿ 25, ಬುಧವಾರ

ಅಮ್ಮಾ,

ನಾಳಿದ್ದು ಪಟ್ಟಿ ಮುಚ್ಚುತ್ತಾರೆ. ಹದಿನೆಂಟು ಸಾಲು ಆಗಿದೆ. ಕೊನೆಯ ಸಾಲಿಗೆ ಮಾತ್ರ ಎರಡು ದಿನದಿಂದ ಜಗಳ. ಇಬ್ಬರಿಗೂ ಎಲ್ಲೂ ಸಿಗದೆ ಹೋದರೆ, ಒಬ್ಬರಿಗೆ ಜಾಗ, ಇನ್ನೊಬ್ಬರಿಗೆ ಏನೂ ಇಲ್ಲ ಎಂದು ಬೇಕಾದರೆ ಬರೆಯಬಹುದು. ನಿನಗೆ ಜಾಗ, ನನಗಿಲ್ಲ ಎಂದು ಬರೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಅವನಿಗೆ ಕೈ ಕಟ್ಟಿ ಮನೆಯಲ್ಲಿ ಕೂರಲು ಬರುವುದಿಲ್ಲ, ನನಗೆ ಗೊತ್ತು. ಸರಿ, ಟೈಪ್ ಮಾಡುವವಳು ನಾನು, ಬಿಡು ಅಂದಿದ್ದೇನೆ.

ನಿನ್ನ ಮಂಡಿಗೆ ಹಚ್ಚುವ ಮುಲಾಮು ಬೇರೆ ಕಳಿಸಿದ್ದೇನೆ. ಮಲಗುವ ಮುಂಚೆ ಹಚ್ಚಿಕೋ.

ಗುಬ್ಬಿ

*

ಮಾರ್ಚ್ 21, ಶನಿವಾರ

ಅಮ್ಮಾ,

ಫೋನಿನಲ್ಲಿ ಅತ್ತುಬಿಟ್ಟೆ. ಪೂರ್ತಿ ಬರೆಯುತ್ತೇನೆ.

ಕಂಪ್ಯೂಟರು ಹದಿನೇಳು ಸಾಲು ದಾಟಿ ಹದಿನೆಂಟಕ್ಕೆ ನಿಂತಿತು. ಅವನಿಗೆ ಈ ಊರಿನಲ್ಲೇ ಜಾಗ, ನನಗಿಲ್ಲ. ಅವನು ಪರದೆ ನೋಡಿ, ಇದು ತಪ್ಪು, ಜಾಗ ನಿನಗೆ ಎಂದು ಬರೆದಿದ್ದೆವಲ್ಲ ಅಂದ. ನಾನೇ ಕೊನೆಯ ದಿನ ಬದಲಾಯಿಸಿದ್ದೆ. ಅವನಿಗೆ ಹೇಳಿರಲಿಲ್ಲ. ನಿನ್ನೆಯಿಂದ ಅವನು ನನ್ನೊಂದಿಗೆ ಮಾತಾಡಿಲ್ಲ, ಅಡುಗೆ ಮಾಡಿ ತಟ್ಟೆ ಮುಂದಿಡುತ್ತಾನೆ, ಅಷ್ಟೇ.

ಇನ್ನೊಂದು ಮಾತು. ನೀನು ಬೇಡವೆಂದರೂ ಮೊದಲ ಸಾಲು ನಮ್ಮೂರೇ ಇತ್ತು. ನಿನಗೆ ಮಂಡಿ ನೋವಾದರೆ ನಾನೇ ಮೆಟ್ಟಿಲು ಇಳಿದು ಬಂದು ಮಗುವನ್ನು ನೋಡಿ ಹೋಗಬಹುದು ಅಂದುಕೊಂಡಿದ್ದೆ. ಅವನಿಗೆ ಅಲ್ಲಿ ಸಿಗುವುದಿತ್ತು, ಸೇತುವೆ ಆಚೆಯವರು ಆಮೇಲೆ ಫೋನ್ ಮಾಡಿ ಹೇಳಿದರು. ತಪ್ಪಿದ್ದು ನನ್ನ ಕಡೆಯಿಂದ. ಯಾಕೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಸಂದರ್ಶನದಲ್ಲಿ ದೊಡ್ಡ ಡಾಕ್ಟರು, ಇಂಥ ಕೈ ನಮಗೆ ಬೇಕು ಎಂದೇ ಹೇಳಿದ್ದರು. ನನ್ನ ಯಾವ ಉತ್ತರ ತಪ್ಪಾಯಿತು ಎಂದು ಒಂದೊಂದನ್ನೂ ಬರೆದು ನೋಡುತ್ತಿದ್ದೇನೆ.

ಗುಬ್ಬಿ

*

ಮಾರ್ಚ್ 30, ಸೋಮವಾರ

ಗುಬ್ಬಿಗೆ,

ಇವತ್ತು ಉಪವಾಸ. ಬೇಕೆಂದೇ ಸೋಮವಾರದವರೆಗೆ ಕಾದೆ. ಬೇರೆ ದಿನ ಬರೆದರೆ ಅರ್ಧ ನುಂಗುತ್ತೇನೆ.

ನಿನ್ನ ಉತ್ತರಗಳನ್ನು ಬರೆದು ನೋಡುವುದು ನಿಲ್ಲಿಸು. ನಿನ್ನದು ಒಂದೂ ತಪ್ಪಿಲ್ಲ. ತಪ್ಪಾದದ್ದು ನನ್ನ ಉತ್ತರ.

ಡಿಸೆಂಬರ್ 8ರಂದು ದೊಡ್ಡ ಡಾಕ್ಟರು ತೋಳಿನ ಅಳತೆ ಕೊಡಲು ಬಂದರು. ನಾನಾಗಿ ನಿನ್ನ ಮಾತು ಎತ್ತಲಿಲ್ಲ, ದೇವರಾಣೆ. ಅವರೇ, "ನಿಮ್ಮ ಮಗಳ ಜೊತೆ ಮಾತಾಡಿದೆ ಅಮ್ಮ. ತುಂಬಾ ಹುಷಾರು" ಅಂದರು. ನನಗೆ ಎದೆ ಉಬ್ಬಿತು. ಕೈಯಲ್ಲಿ ಟೇಪು ಹಿಡಿದು ಅವರ ತೋಳು ಅಳೆಯುತ್ತಿದ್ದೆ. ನಗುತ್ತಾ, "ಮದುವೆಯಾಗಿ ಎರಡು ವರ್ಷ ಆಯ್ತಲ್ಲ, ಅಜ್ಜಿ ಆಗೋದು ಯಾವಾಗ?" ಅಂದರು. ಎಲ್ಲರೂ ಕೇಳುವ ಮಾತು. ಮಂಗಳವಾರವಾಗಿದ್ದರೆ, ಅಯ್ಯೋ ಈಗಲೇ ಎಲ್ಲಿ ಬಂತು ಎಂದು ನಕ್ಕು ಕಳಿಸುತ್ತಿದ್ದೆ. ಸೋಮವಾರ. ನಾನು ಸುಮ್ಮನೆ ನಿಂತೆ. ಸುಮ್ಮನಿರುವುದೂ ಒಂದು ಉತ್ತರವೇ ಎಂದು ಆಗ ಹೊಳೆಯಲಿಲ್ಲ. ಅವರು ಮತ್ತೆ, "ಏನಮ್ಮ, ವಿಶೇಷ ಇದೆಯಾ?" ಅಂದರು. "ಜೂನ್‌ಗೆ" ಅಂದೆ. ಅವರು, "ಒಳ್ಳೇದಾಯ್ತು" ಎಂದು ತೋಳು ಇಳಿಸಿಕೊಂಡು ಮೇಲೆ ಹೋದರು.

ಅವರು ಮೆಟ್ಟಿಲು ಹತ್ತಿದ ಮೇಲೆಯೇ ಏನು ಹೇಳಿಬಿಟ್ಟೆ ಎಂದು ಹೊಳೆದದ್ದು. ಮಾರನೇ ದಿನ ನಿನಗೆ ಹಾಗೆ ಬರೆದೆ. ನಮ್ಮೂರನ್ನು ಬಿಟ್ಟು ಬೇರೆ ಊರುಗಳನ್ನು ಮೇಲೆ ಹಾಕಿದರೆ ನನ್ನ ತಪ್ಪು ನಿನಗೆ ತಾಗದೇನೋ ಅಂದುಕೊಂಡೆ. ನೀನು ಮಗು ಭಾರವಾಯಿತೇ ಎಂದು ಕೇಳಿದಾಗ, ಹೌದು ಅಂದುಬಿಟ್ಟೆ. ನನ್ನ ಮಂಡಿಗೆ ಏನೂ ಆಗಿಲ್ಲ ಗುಬ್ಬಿ. ನಿನ್ನ ಮುಲಾಮು ಮುಚ್ಚಳ ತೆಗೆಯದೆ ಇದೆ.

ಇಲ್ಲಿಯವರೆಗೆ, ಅದರಿಂದಲೇ ಆಯಿತೋ ಇಲ್ಲವೋ ಎಂದು ಮನಸ್ಸಿಗೆ ಒಂದು ಸಂದು ಇಟ್ಟುಕೊಂಡಿದ್ದೆ. ಮೊನ್ನೆ ಬುಧವಾರ ಅದೂ ಮುಚ್ಚಿತು. ಅವರು ಬಂದು, ಜುಲೈಗೆ ಹೊಸ ಸರ್ಜನ್ ಇಬ್ಬರು ಬರುತ್ತಾರೆ, ಇಬ್ಬರೂ ಎತ್ತರದವರು, ಗೌನು ಬೇಕು ಎಂದು ಅಳತೆ ಚೀಟಿ ಕೊಟ್ಟರು. ಆಮೇಲೆ ನನ್ನ ಮುಖ ನೋಡಿ, "ಮಗಳಿಗೆ ಮುಂದಿನ ವರ್ಷ ಇದ್ದೇ ಇದೆಯಲ್ಲಮ್ಮ. ಅಷ್ಟು ಹೊತ್ತಿಗೆ ಮಗುನೂ ಸ್ವಲ್ಪ ದೊಡ್ಡದಾಗಿರುತ್ತೆ. ಅವಳ ಒಳ್ಳೇದಕ್ಕೇ ನೋಡಿದ್ವಿ" ಅಂದರು. ಸಿಟ್ಟಿನಿಂದಲ್ಲ, ಕುಹಕದಿಂದಲ್ಲ. ನನ್ನ ಕಷ್ಟ ತಾವು ಇಳಿಸಿದ ಹಾಗೆ ಅಂದರು. ನಾನು ಏನು ಮಾಡಿದೆ ಗೊತ್ತೇ? "ಆಗಲಿ ಸಾರ್" ಅಂದೆ. ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಎರಡು ಗೌನೂ ಕತ್ತರಿಸಿ ಆಯಿತು.

ಇಸ್ತ್ರಿಯವಳಿಗೆ ಮಾತ್ರ ಹೇಳಿದೆ. "ದೇವರು ಕೂಡ ಒಂದು ಸುಳ್ಳು ಹೊಟ್ಟೆಗೆ ಹಾಕಿಕೊಳ್ತಿದ್ದ ಅಕ್ಕ. ನಿನ್ನ ಸತ್ಯ ಹೊಟ್ಟೆಗೆ ಹಾಕ್ಕೊಳ್ಳೋರು ಯಾರು?" ಅಂದಳು. ಪೂಜೆಗೆ ಕೂತರೆ ಬಾಯಿಗೆ ಮಂತ್ರ ಬರುತ್ತದೆ, ಮನಸ್ಸು ಆ ಟೇಪು ಹಿಡಿದುಕೊಂಡೇ ನಿಂತಿರುತ್ತದೆ.

ದೂರು ಕೊಡುವ ದಾರಿ ಇದ್ದರೆ ಕೊಡು. ಅವರು ನನ್ನನ್ನು ಕೇಳಿದ್ದು, ನಾನು ಹೇಳಿದ್ದು, ಬುಧವಾರ ಅವರು ಅಂದದ್ದು, ಎಲ್ಲವನ್ನೂ ಬರೆದು ಸಹಿ ಹಾಕುತ್ತೇನೆ. ಕೆಲಸ ಹೋದರೆ ಹೋಗಲಿ. ಬೇಡ, ನಿನ್ನ ಮುಖ ನೋಡುವುದೇ ಬೇಡ ಅಂದರೆ ಅದನ್ನೂ ಬರೆ. ಸುಮ್ಮನೆ ಮಾತ್ರ ಇರಬೇಡ.

ಅಮ್ಮ

*

ಏಪ್ರಿಲ್ 20, ಸೋಮವಾರ

ಅಳಿಯಂದಿರಿಗೆ,

ನಿಮಗೆ ನಾನು ಕಾಗದ ಬರೆದವಳಲ್ಲ. ತಪ್ಪಿದ್ದರೆ ಕ್ಷಮಿಸಿ.

ಇವತ್ತೂ ಉಪವಾಸ. ಬೆಳಿಗ್ಗೆ ಎಲ್ಲ ಕೆಲಸ ಮುಗಿಸಿಯೇ ಬಂದೆ. ಇಬ್ಬರಿಗೂ ಜಾಗ ಸಿಗುವವರೆಗೆ ಎಂದು ಹೇಳಿಕೊಂಡ ಹರಕೆ, ಒಬ್ಬರಿಗೆ ಸಿಕ್ಕಿತು, ಒಬ್ಬರಿಗಿಲ್ಲ. ಮುಗಿಸಲೂ ಆಗದು, ಬಿಡಲೂ ಆಗದು. ಹಾಗೇ ನಡೆಸಿಕೊಂಡು ಹೋಗುತ್ತಿದ್ದೇನೆ.

ಅವಳಿಗೆ ಎಲ್ಲ ಬರೆದು ಮೂರು ವಾರವಾಯಿತು. ಉತ್ತರವಿಲ್ಲ. ಫೋನ್ ಮಾಡಿದರೆ ನಿಮ್ಮ ಕೈಗೆ ಕೊಡುತ್ತಾಳೆ. ಹೋದ ಗುರುವಾರ ನೀವು, "ಬರೀತಾಳೆ ಅತ್ತೆ. ಊಟದ ಬಿಡುವಲ್ಲಿ ಕೂತು ಬರೀತಾನೇ ಇರ್ತಾಳೆ. ಕೇಳಿದ್ರೆ ಮಡಿಸಿ ಕೋಟಿನ ಜೇಬಿಗೆ ಹಾಕ್ಕೋತಾಳೆ" ಅಂದಿರಿ. ಅಂದಿನಿಂದ ನನಗೆ ಇಲ್ಲಿ ಯಾವ ಬಿಳಿ ಕೋಟು ಕಂಡರೂ ಅದೇ. ನನ್ನ ಮುಂದೆ ದಿನಾ ಅರುವತ್ತು ಕೋಟು ಬೀಳುತ್ತವೆ. ಬೇಕಾದ ಒಂದು ಅಷ್ಟು ದೂರದಲ್ಲಿದೆ.

ನೀವಿಬ್ಬರೂ ಮತ್ತೆ ಮಾತಾಡುತ್ತಿದ್ದೀರಿ ಎಂದು ನಿಮ್ಮ ದನಿಯಿಂದ ತಿಳಿಯಿತು. ನನಗೆ ಅಷ್ಟು ಸಾಕು. ಹೊಟ್ಟೆಯಲ್ಲಿ ಮಗು ಒದೆಯುತ್ತದೆಯೇ ಎಂದು ಕೇಳಬೇಕಿತ್ತು, ಕೇಳದೆ ಫೋನ್ ಇಟ್ಟೆ. ಅವಳಿಗೆಂದು ಹೊಲಿದ ಗೌನನ್ನು ಬಿಚ್ಚಿ ಎಳೆಗೂಸಿನ ಬಟ್ಟೆ ಮಾಡಲು ಹೊರಟೆ. ಕತ್ತರಿ ಇಟ್ಟು, ಮತ್ತೆ ಮಡಿಸಿ ಇಟ್ಟೆ. ಮುಂದಿನ ವರ್ಷ ಯಾವ ಊರಿನಲ್ಲಾದರೂ ಬೇಕಾದೀತು.

ಈಗ ನಿಮ್ಮನ್ನು ಒಂದು ಕೇಳುತ್ತೇನೆ. ಬಟ್ಟೆ ನೆನೆಸುವವರು ನೀವೇ ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಅವಳ ಕೋಟು ನೀರಿಗೆ ಹಾಕುವ ಮುಂಚೆ ಜೇಬು ನೋಡಿ. ಹೊರಗಿನ ಎರಡು ಎಲ್ಲರೂ ನೋಡುತ್ತಾರೆ. ಒಳಗೆ ಎಡಗಡೆ ಎದೆಯ ಹತ್ತಿರ ಸಣ್ಣದೊಂದು ಇರುತ್ತದೆ, ಮರೆಯುವುದು ಅದನ್ನೇ. ಅಲ್ಲಿ ನನ್ನ ಹೆಸರಿನ ಕಾಗದ ಸಿಕ್ಕರೆ ಓದಬೇಡಿ, ಕದ್ದು ತರಲೂ ಬೇಡಿ. ಅವಳ ಗುಟ್ಟನ್ನು ಅವಳನ್ನು ಕೇಳದೆ ಇನ್ನೊಬ್ಬರ ಕೈಗೆ ಹಾಕಿ ನಾನು ನೋಡಿ ಆಯಿತು. ಅವಳ ಮುಂದೆ ಹಿಡಿದು, ಇದನ್ನು ಕಳಿಸಲೇ ಎಂದು ಕೇಳಿ. ಬೈದು ಬರೆದಿದ್ದರೂ ಸರಿ, ನೆನೆದು ಅಕ್ಷರ ಅಳಿಸಿಹೋಗಿದ್ದರೂ ಸರಿ. ಹೂಂ ಅಂದರೆ, ಅವಳು ಮತ್ತೆ ಜೇಬಿಗೆ ಹಾಕಿಕೊಳ್ಳುವ ಮುಂಚೆ, ನೀವೇ ತಂದು ಅಂಚೆ ಡಬ್ಬಿಗೆ ಹಾಕಿಬಿಡಿ.